ಗಿಟ್ ಮರೆಯದ ಪೂರ್ವಾಶ್ರಮ

ಆಂಧ್ರದ ಎಮ್ಮಿಗನೂರು ಪಕ್ಕದ ನಂದವರಂನಿಂದ ಓದುಗರೊಬ್ಬರು ಬರೆದಿದ್ದಾರೆ. ಹಗಲೆಲ್ಲ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುತ್ತಾರೆ. ರಾತ್ರಿ ಊಟವಾದ ಮೇಲೆ ಅದೇ ಲ್ಯಾಪ್‌ಟಾಪಿನಲ್ಲಿ ಗುಬ್ಬಿ, ನವಿಲುಗಳಂಥ ಮುಕ್ತ ಕನ್ನಡ ಫಾಂಟುಗಳನ್ನು ತಿದ್ದುವ ಹವ್ಯಾಸ. "ನನ್ನ ಸ್ವಂತ ಖಾತೆಯಿಂದಲೇ ಕಳಿಸಿದ್ದೆ ಸಾರ್. ಆದರೂ ಫಾಂಟಿನ ತಿದ್ದುಪಡಿ ಮೇಲೆ ಆಫೀಸಿನ ಇಮೇಲ್ ಬಂದು ಕೂತಿದೆ. ಹೇಗೆ?"

ಲಾಗಿನ್ ಆದವರ ಹೆಸರೇ ತಿದ್ದುಪಡಿ ಮೇಲೆ ಬರುತ್ತದೆ ಎನ್ನುವುದು ಸಾಫ್ಟ್‌ವೇರ್ ಓದಿದವರಲ್ಲೂ ಬೇರೂರಿರುವ ತಪ್ಪು ತಿಳಿವಳಿಕೆ. ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ಲಾಗಿನ್ನಿಗೂ ಕಮಿಟ್ (ಅಂದರೆ ದಾಖಲಾದ ಒಂದು ತಿದ್ದುಪಡಿ) ಮೇಲಿನ ಹೆಸರಿಗೂ ಸಂಬಂಧವೇ ಇಲ್ಲ. ಮದುವೆಯ ಮುಯ್ಯಿ ನೆನಪಿಸಿಕೊಳ್ಳಿ. ಕವರ್ ತಂದು ಕೊಡುವವರು ಯಾರೋ, ಕವರಿನ ಮೇಲೆ ಬರೆದಿರುವ ಹೆಸರು ಯಾರದೋ. ಪಾಸ್‌ವರ್ಡ್, ಎಸ್‌ಎಸ್‌ಎಚ್ ಕೀ ಇವೆಲ್ಲ ಛತ್ರದ ಬಾಗಿಲಿನ ವ್ಯವಹಾರ. ಕವರಿನ ಮೇಲಿನ ಹೆಸರನ್ನು ಗಿಟ್ ನಿಮ್ಮ ಲ್ಯಾಪ್‌ಟಾಪಿನ ಸೆಟ್ಟಿಂಗ್ ಕಡತದಿಂದ ಎತ್ತಿ ಬರೆಯುತ್ತದೆ, ಅಷ್ಟೆ. 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಗಿಟ್ಟನ್ನು ಕಟ್ಟಿದ್ದು ಲಿನಕ್ಸ್ ಕರ್ನಲ್‌ಗಾಗಿ. ಅಲ್ಲಿ ಒಬ್ಬರು ಬರೆದು ಇಮೇಲಿನಲ್ಲಿ ಕಳಿಸಿದ್ದನ್ನು ಇನ್ನೊಬ್ಬರು ಸೇರಿಸುತ್ತಿದ್ದರು. ಅದಕ್ಕೇ ಪ್ರತಿ ಕಮಿಟ್‌ನಲ್ಲೂ ಬರೆದವರು, ಸೇರಿಸಿದವರು ಎಂದು ಎರಡು ಹೆಸರು. ನಾನೊಮ್ಮೆ ಪರೀಕ್ಷೆಗೆಂದು ನನ್ನದೇ ಕಂಪ್ಯೂಟರಿನಲ್ಲಿ ಟೊರ್ವಾಲ್ಡ್ಸ್ ಹೆಸರಿಟ್ಟು ಕಮಿಟ್ ಮಾಡಿದೆ. ಗಿಟ್ ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡಿತು!

ನನಗೆ ರೋಮಾಂಚನವಾಗುವುದು ಮುಂದಿನ ಸಂಗತಿಗೆ. ಪ್ರತಿ ಕಮಿಟ್‌ಗೂ ಸಾಮಾನ್ಯವಾಗಿ 40 ಅಂಕಿ-ಅಕ್ಷರಗಳ ಒಂದು ಗುರುತು ಇರುತ್ತದಲ್ಲ, ಅದನ್ನು ಲೆಕ್ಕ ಹಾಕುವಾಗ ಕಡತಗಳ ಜೊತೆಗೆ ಹೆಸರು, ಇಮೇಲ್, ಸಮಯ, ಹಿಂದಿನ ಕಮಿಟ್‌ನ ಗುರುತು ಎಲ್ಲವೂ ಒಳಗೆ ಬೀಳುತ್ತವೆ. ಸಮಯವನ್ನು ಹಾಗೇ ಹಿಡಿದಿಟ್ಟು, ನನ್ನ ಹೆಸರಿಗೆ ಒಂದೇ ಒಂದು ಅಕ್ಷರ ಸೇರಿಸಿ ನೋಡಿದೆ. ಹಳೆಯ ಗುರುತಿಗೂ ಹೊಸದಕ್ಕೂ ಯಾವ ಹೋಲಿಕೆಯೂ ಉಳಿಯಲಿಲ್ಲ. ದುಡ್ಡು ಕೊಟ್ಟು ಹೆಸರಿಗೆ ಇನ್ನೊಂದು 'ಎ' ಅಂಟಿಸಿಕೊಳ್ಳುವ ನ್ಯೂಮರಾಲಜಿ ಭಕ್ತರೇ, ನಿಮ್ಮ ಹಣೆಬರಹ ಅದರಿಂದ ಕೂದಲೆಳೆಯಷ್ಟೂ ಕದಲುವುದಿಲ್ಲ. ಅಕ್ಷರ ಸೇರಿಸಿ ಜಾತಕ ಬದಲಾಗುವುದು ಕಮಿಟ್‌ಗೆ ಮಾತ್ರ!

ನಂದವರಂನವರಿಗೆ ಮಂತ್ರಾಲಯ ನೆರೆಯೂರು. ಅಲ್ಲಿನ ರಾಯರ ಪೂರ್ವಾಶ್ರಮದ ಹೆಸರು ವೆಂಕಟನಾಥ; 1621ರಲ್ಲಿ ಸನ್ಯಾಸ ಪಡೆದು ರಾಘವೇಂದ್ರ ತೀರ್ಥರಾದರು. ಸನ್ಯಾಸಿ ಪೂರ್ವಾಶ್ರಮದ ಹೆಸರನ್ನು ಹಿಂದೆ ಬಿಟ್ಟು ನಡೆಯಬಹುದು. ಗಿಟ್‌ನಲ್ಲಿ ಅದಾಗದು. ಹಳೆಯ ಕಮಿಟ್‌ನ ಹೆಸರು ತಿದ್ದಿದರೆ ಅದರ ಗುರುತು ಬದಲಾಗುತ್ತದೆ. ಅದನ್ನು ನೆಚ್ಚಿಕೊಂಡ ಮುಂದಿನ ಕಮಿಟ್‌ನದೂ, ಅದರ ಮುಂದಿನದೂ, ಹೀಗೆ ಇಡೀ ವಂಶಕ್ಕೇ ಮರುಜನ್ಮ. ಆ ಹೊತ್ತಿಗೆ ಬೇರೆಯವರು ಇಳಿಸಿಕೊಂಡ ಪ್ರತಿಗಳಲ್ಲಿ ಹಳೆಯ ವಂಶ ಹಾಯಾಗಿ ಬಾಳುತ್ತಿರುತ್ತದೆ.

ಆದ್ದರಿಂದ ಮುಂಚೆಯೇ ಎಚ್ಚರ ಬೇಕು. ಆಫೀಸಿಗೊಂದು, ಸ್ವಂತಕ್ಕೊಂದು ಫೋಲ್ಡರ್ ಮಾಡಿ. 2017ರಿಂದ ಗಿಟ್‌ನಲ್ಲಿ 'ಇನ್‌ಕ್ಲೂಡ್‌ಇಫ್' ಎಂಬ ಸೌಲಭ್ಯ ಇದೆ: ಈ ಫೋಲ್ಡರಿನಲ್ಲಿದ್ದರೆ ಈ ಇಮೇಲ್, ಆ ಫೋಲ್ಡರಿನಲ್ಲಿದ್ದರೆ ಆ ಇಮೇಲ್. ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಹಾಕಲು ಮರೆಯಬೇಡಿ. ಮರೆತರೆ ಒಳಗಿನ ಯಾವ ಪ್ರಾಜೆಕ್ಟಿಗೂ ನಿಯಮ ಹತ್ತುವುದಿಲ್ಲ, ಗಿಟ್ ದೂರುವುದೂ ಇಲ್ಲ. ನಾನು ಇಡೀ ಒಂದು ಸಂಜೆ ಈ ಗೆರೆಗಾಗಿ ತಲೆ ಚಚ್ಚಿಕೊಂಡಿದ್ದೇನೆ. ಮುಖ್ಯ ಸೆಟ್ಟಿಂಗಿನಲ್ಲಿ ಇಮೇಲ್ ಬರೆಯಲೇಬೇಡಿ. ಬದಲಿಗೆ 'ಯೂಸ್‌ಕಾನ್ಫಿಗ್‌ಓನ್ಲಿ' ಆನ್ ಮಾಡಿ. ಆಗ ಇಮೇಲ್ ಸಿಗದಿದ್ದರೆ ಗಿಟ್ ಊಹಿಸಿ ಬರೆಯುವುದಿಲ್ಲ, ಕಮಿಟ್ಟನ್ನೇ ನಿಲ್ಲಿಸುತ್ತದೆ. ಬಾಗಿಲಿನ ಕೀಗಳೂ ಎರಡಿರಲಿ. ಒಂದೇ ಎಸ್‌ಎಸ್‌ಎಚ್ ಕೀಯನ್ನು ಎರಡು ಖಾತೆಗೆ ಸೇರಿಸಲು ಕೋಡ್ ಇಡುವ ತಾಣ ಗಿಟ್‌ಹಬ್ ಬಿಡುವುದಿಲ್ಲ.

ಆಗಿಹೋದದ್ದಕ್ಕೆ? ಅದು ಇದ್ದಂತೆ ಇರಲಿ. ಪ್ರಾಜೆಕ್ಟಿನಲ್ಲಿ 'ಮೇಲ್‌ಮ್ಯಾಪ್' ಎಂಬ ಪುಟ್ಟ ಕಡತವಿಟ್ಟು, ಆ ಇಮೇಲಿನವರೂ ಈ ಇಮೇಲಿನವರೂ ಒಬ್ಬರೇ ಎಂದು ಒಂದು ಸಾಲು ಬರೆಯಿರಿ. ಪಟ್ಟಿ ತೋರಿಸುವಾಗ ಗಿಟ್ ನಿಮ್ಮ ಇಷ್ಟದ ಹೆಸರನ್ನೇ ತೋರಿಸುತ್ತದೆ. ಆದರೆ ಆಫೀಸಿನ ವಿಳಾಸ ಪೂರ್ತಿ ಮರೆಯಾಗುವುದಿಲ್ಲ, ಮೇಲ್‌ಮ್ಯಾಪಿನ ಆ ಸಾಲಿನಲ್ಲೇ ಇರುತ್ತದೆ. ಕನ್ನಡ-ತೆಲುಗು ಗಡಿಯವರಿಗೆ ಇದೇನು ಹೊಸದಲ್ಲ. ಶಾಲೆಯ ತೆಲುಗು ಹಾಜರಿ ಪುಸ್ತಕದಲ್ಲಿ ಮನೆತನದ ಹೆಸರು ಮುಂದೆ, ಕನ್ನಡದ ನೆಂಟರ ಲಗ್ನಪತ್ರಿಕೆಯಲ್ಲಿ ಅದೇ ಹಿಂದೆ. ಎರಡನ್ನೂ ಓದಿ, ಇವನು ನಮ್ಮ ಹುಡುಗನೇ ಎಂದು ಗುರುತು ಹಿಡಿಯುವ ಅಜ್ಜಿ ಪ್ರತಿ ಮನೆಯಲ್ಲೂ ಇರುತ್ತಾಳೆ. ಮೇಲ್‌ಮ್ಯಾಪ್ ಎಂದರೆ ಆ ಅಜ್ಜಿಯೇ.