ನಿಮಗಿದು ಗೊತ್ತೆ? ಜೋಳಿಗೆಗೆ ಜೋಳ ಬೇಡ, ಚಟ ಹಾಕಿ!

ಸ್ವಾಮಿಗಳು ಜೋಳಿಗೆ ಹಿಡಿದು ಬಂದರೆ ಜೋಳ, ಕಾಳು, ಕಾಸು ಹಾಕುವುದು ವಾಡಿಕೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಮಾತ್ರ ಮನೆಮನೆಯಲ್ಲಿ ಬೇಡಿದ್ದು ಕುಡಿತ, ಬೀಡಿ, ಗುಟ್ಕಾ! 1975ರಲ್ಲಿ ಶುರುವಾದ ಈ ‘ಮಹಾಂತ ಜೋಳಿಗೆ’ಗೆ ಚಟ ಹಾಕಿದವರು ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಡಬೇಕಿತ್ತು. ಶಿವಯೋಗಿಗಳ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ‘ವ್ಯಸನಮುಕ್ತ ದಿನ’.

ಮಾತು ಕೊಡುವುದು ಸಲೀಸು. ಉಳಿಸಿಕೊಳ್ಳಲು ಜೊತೆ ಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ‘ನವಜೀವನ ಸಮಿತಿ’ಗಳಿವೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ಇವೆ. ಅಲ್ಲಿ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಕುಡಿತ ಬಿಡುವ ಮನಸ್ಸಿದ್ದರೆ ಸಾಕು, ಹೋಗಿ ಕೂರಬಹುದು.