ಪೆಟ್ಟಿಗೆ ಭದ್ರ, ಗಿಟಾರು ಭಗ್ನ

ಬಳಸಿದ ಗಿಟಾರನ್ನು ದೂರದ ಊರಿನವರಿಗೆ ಮಾರಿ, ಪಾರ್ಸೆಲ್ ಕಟ್ಟಿ ಕಳುಹಿಸುವ ವ್ಯವಹಾರ ಈಗ ಸಂಸಾರಸ್ಥರ ಮನೆಗಳಿಗೂ ಬಂದಿದೆ. ಮಗ ನಾಲ್ಕು ದಿನ ಕಲಿತು ಕೈಬಿಟ್ಟ ವಾದ್ಯ ಬೆಂಗಳೂರಿನ ಅಟ್ಟದಿಂದಿಳಿದು ಪುಣೆಯ ಮನೆಯೊಂದನ್ನು ಸೇರುತ್ತದೆ. ಹಣ ಮೊದಲೇ ಸಂದಿರುತ್ತದೆ. ಪಾರ್ಸೆಲಿನ ಮೇಲೆ ಗೀರೂ ಇಲ್ಲ. ಬಿಚ್ಚಿ ನೋಡಿದರೆ ಕೊರಳು ಮುರಿದು, ಬಿರಡೆಗಳಿರುವ ತಲೆ ತಂತಿಗಳಲ್ಲಿ ಜೋತಾಡುತ್ತಿರುತ್ತದೆ!

ಪೆಟ್ಟಿಗೆಗೆ ಪೆಟ್ಟಾಗಿಲ್ಲವೆಂದ ಮೇಲೆ ಮುರಿದುದನ್ನೇ ಕಳುಹಿಸಿದ್ದಾರೆಂದು ಕೊಂಡವರು ನಿಶ್ಚಯಿಸುತ್ತಾರೆ. ನುಡಿಸಿ ನೋಡಿಯೇ ಕಟ್ಟಿದೆವೆಂದು ಮಾರಿದವರು ಆಣೆಯಿಡುತ್ತಾರೆ. ವಿಚಿತ್ರವೆಂದರೆ, ಇಬ್ಬರೂ ಕಣ್ಣಾರೆ ಕಂಡುದನ್ನೇ ಹೇಳುತ್ತಿರಬಹುದು.

ಇದರ ಗುಟ್ಟು ವಾದ್ಯದ ರಚನೆಯಲ್ಲಿದೆ. ಗಿಬ್ಸನ್ ಕಂಪೆನಿಯ ಲೆಸ್ ಪಾಲ್ ಮೊದಲಾದ ಗಿಟಾರುಗಳಲ್ಲಿ ತಲೆಯು ಕೊರಳಿನಿಂದ ಹಿಂದಕ್ಕೆ ಸಾಮಾನ್ಯವಾಗಿ 17 ಡಿಗ್ರಿ ಬಾಗಿದೆ. ಎರಡನ್ನೂ ಒಂದೇ ಮಹಾಗನಿ ತುಂಡಿನಲ್ಲಿ ಕೆತ್ತುವುದರಿಂದ, ಬಾಗಿದೆಡೆಯಲ್ಲಿ ಮರದ ನಾರು ನೀಳವಾಗಿ ಸಾಗದೆ ಓರೆಯಾಗಿ ತುಂಡಾಗುತ್ತದೆ. ಕೊರಳೊಳಗಿನ ಉಕ್ಕಿನ ಸಲಾಕೆಯನ್ನು ತಿರುಪುವುದಕ್ಕೆಂದು ಆ ಜಾಗದಲ್ಲೇ ಮರವನ್ನು ತೋಡಿರುತ್ತಾರೆ. ಬಿಗಿದ ತಂತಿಗಳ ಸೆಳೆತವೂ ಅದರ ಮೇಲೆಯೇ. ಪೆಟ್ಟಿಗೆ ಧೊಪ್ಪನೆ ಬಿದ್ದಾಗ ವಾದ್ಯದ ಒಡಲು ಥಟ್ಟನೆ ನಿಲ್ಲುತ್ತದೆ. ಲೋಹದ ಬಿರಡೆಗಳ ಭಾರ ಹೊತ್ತ ತಲೆ ನಿಲ್ಲದು. ಹೊರಗೆ ಗುರುತಿಲ್ಲದೆಯೇ ಒಳಗೆ ಕೊರಳು ಸೀಳುತ್ತದೆ. ತಲೆ ಬಾಗಿಲ್ಲದ ಫೆಂಡರ್ ಗಿಟಾರುಗಳಿಗೆ ಈ ಕಂಟಕ ಕಡಿಮೆ.

ಆದುದರಿಂದ ಕಳುಹಿಸುವವರು ತಂತಿಗಳನ್ನು ಸಡಿಲಿಸಿ, ತಲೆಯ ಸುತ್ತಲೂ ಕೊರಳಿನ ಅಡಿಯಲ್ಲಿಯೂ ಅಲುಗದಂತೆ ಮೆತ್ತೆ ತುರುಕಬೇಕು. ಮೇಲೆ ‘ಜೋಪಾನ’ ಎಂದು ಬರೆದರೆ ಸಾಲದು. ಲಾರಿಗೆ ಓದು ಬಾರದು.

ಒಡೆದುದನ್ನು ಕಂಡ ಕೂಡಲೆ ಕೊಂಡವರು ಹೊರಪೆಟ್ಟಿಗೆ, ಮೆತ್ತೆ, ಮುರಿದ ಭಾಗ ಎಲ್ಲದರ ಚಿತ್ರ ತೆಗೆಯತಕ್ಕದ್ದು, ರಟ್ಟನ್ನೂ ಎಸೆಯಬಾರದು. ಹೊಸ ಮುರಿತದ ಮರ ಶುಭ್ರವಾಗಿರುತ್ತದೆ. ಹಳೆಯದರಲ್ಲಿ ಕೊಳೆಯೋ ಅಂಟಿನ ಕಲೆಯೋ ಕಾಣುತ್ತದೆ. ಮನೆಯ ಅಂಟನ್ನು ಮಾತ್ರ ಹಚ್ಚಲಾಗದು. ಅದು ನಾರಿನೊಳಗೆ ಇಳಿದರೆ ಮುಂದೆ ಪರಿಣತರ ಅಂಟೂ ಹಿಡಿಯುವುದಿಲ್ಲ. ಒಳ್ಳೆಯ ಕೆಲಸಗಾರರ ಕೈಗೆ ಬಿದ್ದರೆ ಕೊರಳು ಮತ್ತೆ ಗಟ್ಟಿಯಾಗಿ ಕೂಡೀತು, ನಾದವೂ ಮರಳೀತು, ಬೆಲೆ ಮರಳದು. ಅರ್ಧದಷ್ಟು ಇಳಿದರೂ ಆಶ್ಚರ್ಯವಿಲ್ಲ. ಆದುದರಿಂದ ರಿಪೇರಿಯ ಖರ್ಚನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಕಾನೂನು ಕೊಂಡವರು ಭಾವಿಸುವಷ್ಟು ಅವರ ಪಕ್ಷಪಾತಿಯಲ್ಲ. ಬೇರೆ ಕರಾರಿಲ್ಲದಿದ್ದರೆ, ಸರಕನ್ನು ಸಾಗಣೆದಾರರಿಗೆ ಒಪ್ಪಿಸಿದರೆ ಕೊಂಡವರಿಗೇ ಒಪ್ಪಿಸಿದಂತೆಂದು 1930ರ ಸರಕು ಮಾರಾಟ ಕಾಯಿದೆಯ 39ನೆಯ ಕಲಮು ಮೇಲ್ನೋಟಕ್ಕೆ ಪರಿಗಣಿಸುತ್ತದೆ. ಆದರೆ ಸರಕಿನ ಸ್ವರೂಪಕ್ಕೆ ತಕ್ಕ ಸಾಗಣೆಯ ಕರಾರನ್ನು ಮಾಡಿಕೊಳ್ಳದೆ ಮಾರಿದವರು ಉಪೇಕ್ಷಿಸಿದ್ದರೆ, ಕೊಂಡವರು ಅವರನ್ನೇ ಹೊಣೆ ಮಾಡಬಹುದು.

ಇಬ್ಬರೂ ಪರಸ್ಪರ ಕಳ್ಳರೆಂದು ಜಗಳವಾಡುತ್ತಿರುವಷ್ಟು ದಿನ ಸಾಗಣೆದಾರರು ನಿಶ್ಚಿಂತರು. ಬುಕಿಂಗ್ ರಸೀದಿ ಮಾರಿದವರಲ್ಲಿರುತ್ತದೆ, ಮುರಿದ ವಾದ್ಯ ಕೊಂಡವರಲ್ಲಿ. ಒಬ್ಬರಿಲ್ಲದೆ ಇನ್ನೊಬ್ಬರ ದೂರು ನಿಲ್ಲುವುದು ಕಷ್ಟ. ಲಾರಿಯಲ್ಲಿ ಹೋದ ಸರಕಿಗೆ, 2007ರ ರಸ್ತೆ ಸಾಗಣೆ ಕಾಯಿದೆಯಂತೆ, ದಾವೆ ಹೂಡುವ ಮುನ್ನ 180 ದಿನಗಳೊಳಗೆ ಲಿಖಿತ ನೋಟೀಸು ಕೊಟ್ಟಿರಬೇಕು. ಆ ದಿನಗಳನ್ನು ಎಣಿಸುವುದು ಪಾರ್ಸೆಲ್ ಕೈಸೇರಿದಂದಿನಿಂದಲ್ಲ, ಬುಕ್ ಮಾಡಿದಂದಿನಿಂದ.