ಹೊಳೆ ನಡುವಿನ ಊರು

ನಾವು ಕುವೆಂಪುನಗರದವರು. ನಮ್ಮ ಮೈಸೂರಿನ ನಲ್ಲಿಗಳಿಗೆ ಕಾವೇರಿ ನೀರು ಬರುತ್ತದೆ, ಕಬಿನಿ ನೀರೂ ಬರುತ್ತದೆ. ಆ ಕಾವೇರಿಯನ್ನು ಹತ್ತಿರದಿಂದ ನೋಡಬೇಕಲ್ವೇ? ಬನ್ನಿ, ಶ್ರೀರಂಗಪಟ್ಟಣಕ್ಕೆ ಹೋಗಿಬರೋಣ.

ಮೈಸೂರಿನಿಂದ ಅದು ಸುಮಾರು 15 ಕಿಲೋಮೀಟರ್ ದೂರ. ಬಸ್ ನಿಲ್ದಾಣದಲ್ಲಿ ಬಸ್ಸಿನ ಬೋರ್ಡ್ ಓದೋಣ. ಶ್ರೀ-ರಂ-ಗ-ಪ-ಟ್ಟ-ಣ. ಈಗ ಯಾರನ್ನೂ ಕೇಳಬೇಕಾಗಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ನಮಗೆ ದುಡ್ಡಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ಟಿಕೆಟ್ ಕೊಡುತ್ತಾರೆ.

ಇಲ್ಲಿ ಕಾವೇರಿ ಎರಡಾಗಿ ಒಡೆಯುತ್ತಾಳೆ. ಊರನ್ನು ಸುತ್ತಿ, ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ನಡುವೆ ಇರುವುದೇ ಊರು. ಹಾವಿನ ಹಾಸಿಗೆ ಮೇಲೆ ಮಲಗಿದ ರಂಗನಾಥ ಸ್ವಾಮಿಯ ಗುಡಿ ಇಲ್ಲಿದೆ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯೂ ಇದೆ. ಅದರ ಗೋಡೆ ತುಂಬ ಚಿತ್ರಗಳು.

ರಾಜ ಒಡೆಯರು 1610ರಲ್ಲಿ ಈ ಊರನ್ನು ರಾಜಧಾನಿ ಮಾಡಿಕೊಂಡರು. ಕಾರಣವೇನು? ಸುತ್ತಲೂ ಹೊಳೆ. ಶತ್ರು ಸುಲಭವಾಗಿ ಒಳಗೆ ಬರಲಾರ. ಆದರೆ ಬೇಸಿಗೆಯಲ್ಲಿ ಹೊಳೆ ಬತ್ತುತ್ತದೆ. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಇಳಿದ ನೀರಿನಲ್ಲೇ ಹೊಳೆ ದಾಟಿತು. ಕೋಟೆಯೊಳಗೆ ನುಗ್ಗಿತು. ಅಂದೇ ಟಿಪ್ಪು ಹೋರಾಡುತ್ತಾ ಮಡಿದ. ಆಮೇಲೆ ರಾಜಧಾನಿ ಮೈಸೂರಿಗೆ ಬಂತು.

ಬತ್ತುವ ಹೊಳೆಯೇ ಮಳೆಗಾಲದಲ್ಲಿ ಉಕ್ಕುತ್ತದೆ. ಕೆಲವು ಸಲ ಮೈಸೂರಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಅದು ಹೇಗೆ? ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಅಲ್ಲಿ ಜೋರು ಮಳೆ ಬಂದರೆ ಕನ್ನಂಬಾಡಿ ಕಟ್ಟೆ ತುಂಬುತ್ತದೆ. ನೀರು 124.80 ಅಡಿಗೆ ಬಂದರೆ ಕಟ್ಟೆ ಭರ್ತಿ. ಒಳಕ್ಕೆ ನೀರು ಬರುತ್ತಲೇ ಇದ್ದರೆ ಗೇಟು ತೆಗೆದು ಹೊಳೆಗೆ ಬಿಡುತ್ತಾರೆ. ಆ ನೀರು ಶ್ರೀರಂಗಪಟ್ಟಣದ ಕಡೆಗೇ ಹರಿಯುತ್ತದೆ.

ಅದಕ್ಕೇ ಸ್ನಾನಕ್ಕೆ, ಗಂಗೆ ಪೂಜೆಗೆ ಹೋದಾಗ ಎಚ್ಚರ ಬೇಕು. ನೀರು ಮೇಲೆ ಶಾಂತ, ಒಳಗೆ ಸೆಳೆತ. ಬಂಡೆಗಳು ಜಾರುತ್ತವೆ. ಮೆಟ್ಟಿಲು ಬಿಟ್ಟು ಮುಂದೆ ಇಳಿಯಬಾರದು. ಮಕ್ಕಳ ಕೈ ಬಿಡಬಾರದು. ಸೋಪು, ಪ್ಲಾಸ್ಟಿಕ್ಕು ಹೊಳೆಗೆ ಹಾಕಬಾರದು. ಆ ನೀರನ್ನು ಕುಡಿಯುವ ಊರುಗಳು ಕೆಳಗಡೆ ಇನ್ನೂ ಎಷ್ಟೋ ಇವೆ.

ದಡದಲ್ಲಿ "ಅಪಾಯ, ನೀರಿಗೆ ಇಳಿಯಬೇಡಿ" ಎಂಬ ಬೋರ್ಡ್ ಕಂಡರೆ ನಿಂತು ಓದೋಣ. ಪಕ್ಕದಲ್ಲಿ ಓದು ಬಾರದವರಿದ್ದರೆ ಅವರಿಗೂ ಓದಿ ಹೇಳೋಣ.